ಹಳೇ ಡುಕಾಟಿ 900 ಎಸ್‌ಎಸ್: ಮನೆ ಗ್ಯಾರೇಜಿನಲ್ಲೇ ಇಟ್ಟು ಸಾಕಬಹುದಾ?

ಮೊದಲೇ ಹೇಳಿಬಿಡುತ್ತೇನೆ, ಇದು ಗಾಡಿ ಎಷ್ಟು ಸ್ಪೀಡ್ ಹೋಗುತ್ತದೆ ಅನ್ನೋ ರಿವ್ಯೂ ಅಲ್ಲ. ಅದನ್ನು ಬರೆದವರು ಬೇಕಾದಷ್ಟು ಜನ ಇದ್ದಾರೆ. 1991ರಿಂದ 1998ರ ಆಸುಪಾಸಿನವರೆಗೆ ಬಂದ, ಇಟಲಿಯ ಕಾರ್ಬೊರೇಟರ್ ಬೈಕ್ ಡುಕಾಟಿ 900 ಎಸ್‌ಎಸ್ ಅನ್ನು ಮನೆಯಲ್ಲೇ, ನಮ್ಮ ಕೈಯಲ್ಲೇ ರಿಪೇರಿ ಮಾಡಿಕೊಂಡು ಓಡಿಸಬಹುದಾ, ಎಲ್ಲಿ ಸುಲಭ, ಎಲ್ಲಿ ತಲೆನೋವು, ಅಷ್ಟೇ ವಿಷಯ.

ನಾನಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಮನೆ ಪಕ್ಕಕ್ಕೊಂದು ಸಿಂಗಲ್ ಗ್ಯಾರೇಜ್, ಈ ದೇಶದ ಗ್ಯಾರೇಜುಗಳಲ್ಲಿ ಕಾರು ಹೇಗೂ ಹಿಡಿಸುವುದಿಲ್ಲ, ಹಾಗಾಗಿ ಬೈಕಿಗೇ ಮೀಸಲು. ಮೈಸೂರಿನಲ್ಲಿದ್ದಾಗ ಯೆಜ್ಡಿ ಬಿಚ್ಚಿ ಕೂಡಿಸಿ ಕಲಿತ ಕೈ. ಯೆಜ್ಡಿಯಲ್ಲಿ ಪಾಯಿಂಟ್ ಉಜ್ಜಿ, ಪ್ಲಗ್ ಒರೆಸಿ, ಜೆಟ್ ಊದಿದರೆ ಮುಕ್ಕಾಲು ಪಾಲು ಕೆಲಸ ಮುಗಿದ ಹಾಗೆ, ಟೂ ಸ್ಟ್ರೋಕ್ ಅಲ್ವಾ, ವಾಲ್ವೇ ಇಲ್ಲ. ಅಂಥವನು ಡುಕಾಟಿ ತಗೊಂಡೆ ಅಂದಾಗ ಇಲ್ಲಿನ ಕನ್ನಡದ ಗೆಳೆಯರೆಲ್ಲ ಒಂದೇ ಮಾತು: "ಗುರೂ, ಅದರ ವಾಲ್ವ್ ಸರ್ವಿಸಿಗೆ ಮನೆ ಮಾರಬೇಕಾಗುತ್ತೆ."

ಅದು ಅರ್ಧ ಸತ್ಯ. ಈ ಗಾಡಿಯಲ್ಲಿ ಎಲ್ಲರೂ ಹೆದರುವುದು ವಾಲ್ವಿಗೆ. ನನ್ನನ್ನು ಕೇಳಿದರೆ ಹೆದರಬೇಕಾದ್ದು ವೈರಿಂಗಿಗೆ ಮತ್ತು ಪೆಟ್ರೋಲಿಗೆ.

ಗಾಡಿ ಏನು ಅಂತ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. 904 ಸಿಸಿ, 90 ಡಿಗ್ರಿ ಟ್ವಿನ್. ಒಂದು ಸಿಲಿಂಡರ್ ಮುಂದಿನ ಚಕ್ರದ ಕಡೆ ಮಲಗಿದೆ, ಇನ್ನೊಂದು ನೆಟ್ಟಗೆ ನಿಂತಿದೆ. ನೀರಿಲ್ಲ, ಗಾಳಿ ಮತ್ತು ಎಣ್ಣೆಯಿಂದಲೇ ತಣ್ಣಗಾಗಬೇಕು. ರೇಡಿಯೇಟರ್, ಹೋಸ್, ಪಂಪ್, ಥರ್ಮೋಸ್ಟಾಟ್ ಯಾವುದೂ ಇಲ್ಲ. ಸಿಲಿಂಡರಿಗೆ ಎರಡೇ ವಾಲ್ವ್. ಇಗ್ನಿಷನ್ ಎಲೆಕ್ಟ್ರಾನಿಕ್, ಅಲ್ಲಿ ನಾವು ತಿರುಗಿಸುವಂಥದ್ದು ಏನೂ ಇಲ್ಲ. ಎರಡು 38 ಎಂಎಂ ಮಿಕುನಿ ಕಾರ್ಬೊರೇಟರ್. ಡುಕಾಟಿಯ ಇಂಜಿನಿಯರ್ ಫ್ಯಾಬಿಯೊ ತಾಲ್ಯೋನಿ ಮಾಡಿದ ಪ್ಯಾಂಥಾ ಇಂಜಿನ್ನಿನ ವಂಶ ಇದು. ವಾಲ್ವ್ ತೆರೆಸುವ ಕ್ಯಾಮ್ ತಿರುಗಿಸಲು ಹಳೇ ಬೆವೆಲ್ ಗೇರ್ ಬಿಟ್ಟು ರಬ್ಬರ್ ಬೆಲ್ಟ್ ಬಂದದ್ದು ಆ ಪ್ಯಾಂಥಾದಿಂದಲೇ. ಬೆವೆಲ್ ಗೇರಿನ ಇಂಜಿನ್ನನ್ನು ಕೂಡಿಸಲು ಅಳತೆ ಹಿಡಿದು ಕೂರುವ ನುರಿತ ಕೈ ಬೇಕಿತ್ತು, ಬೆಲ್ಟ್ ಬಂದ ಮೇಲೆ ನಮ್ಮಂಥವರಿಗೂ ಅಲ್ಲಿ ಕೈಯಾಡಿಸುವ ಧೈರ್ಯ ಬಂತು.

ಕೆಲಸಕ್ಕೆ ಇಳಿದರೆ ಮೊದಲು ಖುಷಿ ಕೊಡುವುದು ಟ್ಯಾಂಕ್. ಹಿಂದೆ ಹಿಂಜ್ ಇದೆ, ಮುಂದಿನ ಲಾಕ್ ಬಿಟ್ಟರೆ ಕಾರಿನ ಬಾನೆಟ್ಟಿನ ಥರ ಮೇಲೆದ್ದು ನಿಲ್ಲುತ್ತದೆ. ಬ್ಯಾಟರಿ, ಏರ್ ಬಾಕ್ಸ್, ಕಾರ್ಬೊರೇಟರ್ ಎಲ್ಲ ಕಣ್ಣೆದುರು. ಇದೇ ಕಾಲದ ನಾಲ್ಕು ಸಿಲಿಂಡರಿನ ಜಪಾನಿ ಸ್ಪೋರ್ಟ್ ಬೈಕಿನ ಪ್ಲಗ್ ಬಿಚ್ಚಿ ನೋಡಿ, ಆಮೇಲೆ ಇಟಲಿಯವರನ್ನು ಬಯ್ಯೋಣ. ಒಂದು ಮಾತು: ಆಯ್ಕೆ ಇದ್ದರೆ ಹಾಫ್ ಫೇರಿಂಗ್ ಗಾಡಿಯನ್ನೇ ಹುಡುಕಿ. ಫುಲ್ ಫೇರಿಂಗ್ ನೋಡಲು ಚೆಂದ, ಆದರೆ ಬೆಲ್ಟ್ ನೋಡಬೇಕು ಅಂದಾಗಲೆಲ್ಲ ಆ ಹಾಳು ಸ್ಕ್ರೂಗಳನ್ನು ಬಿಚ್ಚಿ, ಕಳೆದುಕೊಂಡು, ಹುಡುಕಿ, ಮತ್ತೆ ಹಾಕಬೇಕು.

ಈಗ ಬೆಲ್ಟ್. 20,000 ಕಿಲೋಮೀಟರ್ ಅಥವಾ 2 ವರ್ಷ, ಯಾವುದು ಮೊದಲೋ ಅದಕ್ಕೆ ಬದಲಿಸಬೇಕು. ಇದರಲ್ಲಿ ಚೌಕಾಸಿ ಇಲ್ಲ. ಓಡುವಾಗ ಬೆಲ್ಟ್ ಕಿತ್ತರೆ ಪಿಸ್ಟನ್ ಹೋಗಿ ವಾಲ್ವಿಗೆ ಗುದ್ದುತ್ತದೆ, ಆಮೇಲೆ ಹೆಡ್ ಬಿಚ್ಚುವ ಖರ್ಚು ಬೇರೆಯೇ ಲೆಕ್ಕ. ಕೆಲಸ ಮಾತ್ರ ಕಷ್ಟದ್ದಲ್ಲ. ಹಿಂದಿನ ಚಕ್ರ ಎತ್ತಿ ಹಿಡಿಯುವ ಪ್ಯಾಡಾಕ್ ಸ್ಟ್ಯಾಂಡಿಗೆ ಏರಿಸಿ, ಪ್ಲಗ್ ಎರಡೂ ಬಿಚ್ಚಿ, ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಿದರೆ ಇಂಜಿನ್ ನಿಧಾನಕ್ಕೆ ತಿರುಗುತ್ತದೆ. ಪುಲ್ಲಿಗಳ ಮೇಲಿನ ಗುರುತು ಕೇಸಿನ ಗುರುತಿಗೆ ಸರಿಯಾಗಿ ನಿಲ್ಲಿಸಿಕೊಳ್ಳಿ. ಫ್ಯಾಕ್ಟರಿ ಗುರುತು ಮಾಸಿದ್ದರೆ ಹಳೇ ಬೆಲ್ಟ್ ತೆಗೆಯುವ ಮುಂಚೆಯೇ ನಿಮ್ಮದೊಂದು ಬಿಳಿ ಪೇಂಟ್ ಚುಕ್ಕೆ ಇಡಿ. ಟೆನ್ಷನರ್ ರೋಲರಿನ ಎರಡು ಬೋಲ್ಟ್ ಲೂಸ್ ಮಾಡಿದರೆ ಬೆಲ್ಟ್ ಜಾರಿ ಕೈಗೆ ಬರುತ್ತದೆ. ಅದೇ ಹೊತ್ತಿಗೆ ರೋಲರಿನ ಬೇರಿಂಗನ್ನೂ ಬೆರಳಲ್ಲಿ ತಿರುಗಿಸಿ ನೋಡಿ, ಗರಗರ ಅಂದರೆ ಅದೂ ಹೊಸದಾಗಲಿ.

ಹೊಸ ಬೆಲ್ಟ್ ಎಷ್ಟು ಬಿಗಿ ಇರಬೇಕು ಅನ್ನೋದೇ ಎಲ್ಲರ ಜಗಳ. ವಿಶೇಷ ಟೂಲ್ ಇದೆ, ಬೇಕಾಗಿಲ್ಲ. ಬೆಲ್ಟ್ ಮತ್ತು ರೋಲರ್ ನಡುವೆ 5 ಎಂಎಂ ಅಲೆನ್ ಕೀ ಒತ್ತಿಕೊಂಡು ನುಸುಳಬೇಕು, 6 ಎಂಎಂ ನುಸುಳಬಾರದು ಅನ್ನೋದು ಹಳಬರ ಲೆಕ್ಕ. ನನಗೆ ಇಷ್ಟವಾದದ್ದು ಫೋನಿನ ದಾರಿ. ಬೆಲ್ಟಿನ ಉದ್ದದ ಭಾಗವನ್ನು ಬೆರಳಲ್ಲಿ ಮೀಟಿ, ಫೋನಿನ ಮೈಕ್ ಹತ್ತಿರ ಹಿಡಿದು, ಗಿಟಾರ್ ಟ್ಯೂನರ್ ಆ್ಯಪ್‌ನಲ್ಲಿ ನೋಡುವುದು. ಎರಡು ವಾಲ್ವಿನ ಇಂಜಿನ್ನಿನ ಹೊಸ ಬೆಲ್ಟಿಗೆ 110 ಹರ್ಟ್ಸ್ ಆಸುಪಾಸು ಅಂತ ಈ ಗಾಡಿ ಇಟ್ಟವರು ಹಿಡಿಯುವ ಲೆಕ್ಕ. ಗಿಟಾರಿನ ಎ ತಂತಿಯ ಶ್ರುತಿಯೂ ಸರಿಯಾಗಿ 110 ಹರ್ಟ್ಸೇ. ನಮ್ಮನೆಯಲ್ಲಿ ಸಂಗೀತ ಕಲಿಯುವ ಮಗಳು ಇದ್ದಾಳೆ, ಅವಳಿಗೆ ಆ್ಯಪ್ ಕೂಡ ಬೇಡ, "ಅಪ್ಪಾ, ಇನ್ನೂ ಸ್ವಲ್ಪ ಕೆಳಗಿದೆ" ಅಂತ ಬಾಗಿಲಲ್ಲಿ ನಿಂತೇ ಹೇಳುತ್ತಾಳೆ. ಇಂಜಿನ್ ತಣ್ಣಗಿರುವಾಗಲೇ ನೋಡಬೇಕು, ಬಿಗಿ ಮಾಡಿದ ಮೇಲೆ ಇಂಜಿನ್ನನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ ಮತ್ತೆ ಮೀಟಿ ನೋಡಬೇಕು. ಬೋಲ್ಟ್ ಟೈಟ್ ಮಾಡುವಾಗ ರೋಲರ್ ಕೂದಲೆಳೆಯಷ್ಟು ಸರಿದರೂ ಶ್ರುತಿ ಬದಲಾಗುತ್ತದೆ, ಹಾಗಾಗಿ ಆತುರ ಬೇಡ.

ಇಲ್ಲೊಂದು ಸಿಟ್ಟು ಹೇಳಿಕೊಳ್ಳಬೇಕು. ನಾನು ತಗೊಳ್ಳುವ ಮುಂಚೆ ಈ ಗಾಡಿ ಒಂದು ವರ್ಕ್‌ಶಾಪಿನಲ್ಲಿ ಸರ್ವಿಸ್ ಆಗಿತ್ತು, ಹೆಸರು ಬೇಡ. ಬಿಲ್ಲಿನಲ್ಲಿ ಬೆಲ್ಟ್, ವಾಲ್ವ್ ಎಲ್ಲ ಮಾಡಿದ್ದೇವೆ ಅಂತ ಬರೆದಿತ್ತು. ಕವರ್ ಬಿಚ್ಚಿದರೆ ಬೆಲ್ಟ್ ಹೊಸದೇ, ಆದರೆ ಎಷ್ಟು ಬಿಗಿ ಅಂದರೆ ಬೆರಳಲ್ಲಿ ಒತ್ತಿದರೆ ಅಲ್ಲಾಡುವುದಿಲ್ಲ. ಮುಂದಿನ ಸಿಲಿಂಡರಿನ ಕೆಳಗಿನ ವಾಲ್ವ್ ಮುಚ್ಚಳದ ಬೋಲ್ಟುಗಳ ಮೇಲೆ ಹಳೇ ಧೂಳು, ಹಳೇ ಎಣ್ಣೆ ಹಾಗೇ ಗಟ್ಟಿಯಾಗಿ ಕೂತಿತ್ತು. ಅಲ್ಲಿಗೆ ಸ್ಪ್ಯಾನರ್ ಹೋಗೇ ಇಲ್ಲ! ದುಡ್ಡು ಮಾತ್ರ ಪೂರ್ತಿ. ಮನೆಯಲ್ಲೇ ಮಾಡಿಕೊಳ್ಳಿ ಅಂತ ನಾನು ಹೇಳುವುದು ಬರೀ ಉಳಿತಾಯಕ್ಕಲ್ಲ.

ಸರಿ, ಎಲ್ಲರನ್ನೂ ಹೆದರಿಸುವ ಡೆಸ್ಮೊ, ಅಂದರೆ ಇದರ ವಾಲ್ವ್ ವ್ಯವಸ್ಥೆ. ಬೇರೆ ಇಂಜಿನ್ನಿನಲ್ಲಿ ಕ್ಯಾಮ್ ವಾಲ್ವನ್ನು ತೆರೆಯುತ್ತದೆ, ಸ್ಪ್ರಿಂಗ್ ಮುಚ್ಚುತ್ತದೆ. ಇಲ್ಲಿ ಮುಚ್ಚುವುದಕ್ಕೂ ಒಂದು ರಾಕರ್, ಅಂದರೆ ಕ್ಯಾಮ್ ಆಡಿಸುವ ಪುಟ್ಟ ತೋಳು ಇದೆ. ತಾಲ್ಯೋನಿ ಇದನ್ನು 1956ರಲ್ಲಿ 125 ಸಿಸಿ ರೇಸ್ ಬೈಕಿಗೆ ಹಾಕಿದರು, ಆಗಿನ ಸ್ಪ್ರಿಂಗುಗಳು ಜಾಸ್ತಿ ಆರ್‌ಪಿಎಮ್‌ನಲ್ಲಿ ಸೋಲುತ್ತಿದ್ದವು ಅಂತ. ಈಗಿನ ಸ್ಪ್ರಿಂಗ್ ಸೋಲುವುದಿಲ್ಲ, ಆದರೂ ಡುಕಾಟಿ ಅದನ್ನು ಬಹಳ ಕಾಲ ಬಿಡಲಿಲ್ಲ. ನಮಗೆ ಅದರಿಂದ ಆಗುವ ತೊಂದರೆ ಇಷ್ಟೇ, ಒಂದು ವಾಲ್ವಿಗೆ ಎರಡು ಗ್ಯಾಪ್ ನೋಡಬೇಕು. 900 ಎಸ್‌ಎಸ್‌ನಲ್ಲಿ ನಾಲ್ಕು ವಾಲ್ವ್, ಅಂದರೆ ಎಂಟು ಗ್ಯಾಪ್. ಇದರ ಅಣ್ಣ 916ರಲ್ಲಿ ಹದಿನಾರು, ಜತೆಗೆ ರೇಡಿಯೇಟರ್ ಬೇರೆ. ಡುಕಾಟಿ ಸರ್ವಿಸ್ ಬಗ್ಗೆ ನೀವು ಕೇಳಿದ ಭಯಾನಕ ಕತೆಗಳಲ್ಲಿ ಹೆಚ್ಚಿನವು ಆ ನಾಲ್ಕು ವಾಲ್ವಿನ ಗಾಡಿಗಳದ್ದು.

ತೆರೆಯುವ ಕಡೆಯ ಗ್ಯಾಪ್ ನೋಡುವುದು ಯಾವ ಮೆಕ್ಯಾನಿಕ್‌ಗೂ ಗೊತ್ತಿರುವ ಕೆಲಸ, ಗ್ಯಾಪ್ ಅಳೆಯುವ ತೆಳು ಪಟ್ಟಿ, ಫೀಲರ್ ಗೇಜ್ ತೂರಿಸಿ 0.10 ಎಂಎಂ ಹತ್ತಿರ ಇದೆಯಾ ನೋಡಿದರೆ ಆಯಿತು. ಮುಚ್ಚುವ ಕಡೆ ಗ್ಯಾಪ್ ಸೊನ್ನೆಗೆ ಹತ್ತಿರ, 0.05ರ ಒಳಗೆ. ಅಲ್ಲಿ ಗೇಜ್ ತೂರಿಸಲು ಒದ್ದಾಡುವ ಬದಲು ಶಿಮ್ಮನ್ನು (ಗ್ಯಾಪ್ ಹೊಂದಿಸಲು ಹಾಕುವ ಪುಟ್ಟ ಲೋಹದ ತುಂಡು) ಎರಡು ಬೆರಳಲ್ಲಿ ಹಿಡಿದು ತಿರುಗಿಸಿ ನೋಡುವುದು ರೂಢಿ. ಸಣ್ಣ ಎಣ್ಣೆಯ ಹಿಡಿತ ಇಟ್ಟುಕೊಂಡು ತಿರುಗಿದರೆ ಒಳ್ಳೆಯದು. ತಿರುಗದೇ ಇದ್ದರೆ ಟೈಟ್. ಮೇಲೆ ಕೆಳಗೆ ಟಿಕ್ ಟಿಕ್ ಅಂತ ಆಡಿದರೆ ಲೂಸ್. ವಾಲ್ವ್ ಸೀಟ್ ಸವೆದ ಹಾಗೆ ವಾಲ್ವ್ ಮೇಲಕ್ಕೆ ಬರುತ್ತದೆ, ಆಗ ತೆರೆಯುವ ಗ್ಯಾಪ್ ಕಡಿಮೆಯಾಗಿ ಮುಚ್ಚುವ ಗ್ಯಾಪ್ ಜಾಸ್ತಿಯಾಗುತ್ತದೆ.

ಶಿಮ್ ಬದಲಿಸುವುದೇ ನಿಜವಾದ ಕಸುಬು. ಆ ಸಿಲಿಂಡರಿನ ಪಿಸ್ಟನ್ ಪೂರ್ತಿ ಮೇಲಿರಬೇಕು, ಯಾಕೆಂದರೆ ಇಲ್ಲಿ ವಾಲ್ವನ್ನು ಎತ್ತಿ ಹಿಡಿಯುವ ಸ್ಪ್ರಿಂಗ್ ಇಲ್ಲ. ಪಿಸ್ಟನ್ ಕೆಳಗಿದ್ದರೆ ವಾಲ್ವ್ ಸೀದಾ ಸಿಲಿಂಡರ್ ಒಳಗೆ ಬೀಳುತ್ತದೆ, ಆಮೇಲೆ ಹೆಡ್ ಬಿಚ್ಚದೆ ಬೇರೆ ದಾರಿಯಿಲ್ಲ. ಕೆಲಸ ಶುರು ಮಾಡುವ ಮುಂಚೆ ಹೆಡ್ಡಿನೊಳಗೆ ಎಣ್ಣೆ ಇಳಿಯುವ ತೂತಿಗೆ ಒಂದು ಬಟ್ಟೆ ತುರುಕಿ. ಮುಚ್ಚುವ ರಾಕರನ್ನು ಸ್ಕ್ರೂಡ್ರೈವರಿನಲ್ಲಿ ಕೆಳಗೆ ಒತ್ತಿ ಹಿಡಿದರೆ ಶಿಮ್ ಕೆಳಗಿಳಿದು ವಾಲ್ವಿನ ಕತ್ತಿನಲ್ಲಿ ಎರಡು ಪುಟ್ಟ ಅರ್ಧಚಂದ್ರ ತುಂಡುಗಳು ಕಾಣುತ್ತವೆ, ಹಾಫ್ ರಿಂಗ್ ಅಂತಾರೆ. ಸಣ್ಣ ಮ್ಯಾಗ್ನೆಟ್‌ನಲ್ಲಿ ಅವನ್ನು ಎತ್ತಬೇಕು. ಒಂದು ಬಂದರೆ ಇನ್ನೊಂದು ಎಣ್ಣೆಗೆ ಅಂಟಿಕೊಂಡು ಬರಲ್ಲ, ಬಂದಾಗ ಹಾರುತ್ತದೆ. ಬಟ್ಟೆ ತುರುಕಿದ್ದು ಅದಕ್ಕೇ.

ತೆಗೆದ ಶಿಮ್ಮನ್ನು ಮೈಕ್ರೋಮೀಟರಿನಲ್ಲಿ ಅಳೆಯಿರಿ. ಟೈಟ್ ಇದ್ದರೆ ಹೊಸದು ತರುವ ಮುಂಚೆ ಒಂದು ಕೆಲಸ ಮಾಡಬಹುದು: ಗಾಜಿನ ಮೇಲೆ ತೆಳು ಎಮರಿ ಪೇಪರ್ ಹಾಸಿ, ಎರಡು ಹನಿ ಎಣ್ಣೆ ಬಿಟ್ಟು, ಶಿಮ್ಮಿನ ಚಪ್ಪಟೆ ಮುಖವನ್ನು ಎಂಟರ ಆಕಾರದಲ್ಲಿ ನಿಧಾನಕ್ಕೆ ಉಜ್ಜುವುದು. ಎರಡು ಮೂರು ಸುತ್ತಿಗೊಮ್ಮೆ ಅಳೆಯಿರಿ. ಲೂಸ್ ಇದ್ದರೆ ಮಾತ್ರ ದಪ್ಪದ್ದು ಕೊಳ್ಳಲೇಬೇಕು. ಹಾಫ್ ರಿಂಗ್ ಸವೆದಿದ್ದರೆ ಅದನ್ನು ಬದಲಿಸದೆ ಶಿಮ್ ಲೆಕ್ಕ ಹಾಕುವುದು ದಂಡ, ಸ್ವಲ್ಪ ಓಡಿಸಿದ ಮೇಲೆ ಗ್ಯಾಪ್ ಮತ್ತೆ ಕೈಕೊಡುತ್ತದೆ. ಎಲ್ಲದಕ್ಕಿಂತ ಹಿಂಸೆ ಅಂದರೆ ನಿಂತ ಸಿಲಿಂಡರಿನ ಹಿಂದಿನ ಎಕ್ಸಾಸ್ಟ್ ವಾಲ್ವ್. ಅಲ್ಲಿ ಕೈ ಹೋದರೆ ಕಣ್ಣು ಹೋಗಲ್ಲ, ಕಣ್ಣು ಹೋದರೆ ಕೈ ಹೋಗಲ್ಲ. ಒಂದು ವಾರಾಂತ್ಯ ಪೂರ್ತಿ ಇಟ್ಟುಕೊಳ್ಳಿ, ಶನಿವಾರ ಸಂಜೆ ಯಾರಿಗೂ ಊಟಕ್ಕೆ ಬರುತ್ತೇನೆ ಅಂತ ಮಾತು ಕೊಡಬೇಡಿ.

ಕಾರ್ಬೊರೇಟರ್ ಟ್ಯೂನಿಂಗ್ ಯಾವಾಗಲೂ ಕೊನೆಗೆ. ವಾಲ್ವ್, ಬೆಲ್ಟ್ ಸರಿಯಿಲ್ಲದೆ ಕಾರ್ಬೊರೇಟರ್ ತಿರುವಿದರೆ ಸುಮ್ನೆ ಟೈಮ್ ವೇಸ್ಟ್. ಎರಡು ಸಿಲಿಂಡರೂ ಒಂದೇ ಸಮ ಎಳೆಯಬೇಕು, ಅದಕ್ಕೆ ಎರಡು ಮುಳ್ಳಿನ ಅಗ್ಗದ ವ್ಯಾಕ್ಯೂಮ್ ಗೇಜ್ ಸೆಟ್ ಸಾಕು. ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ಪುಟ್ಟ ಸ್ಕ್ರೂ ಇದೆ, ಬಿಚ್ಚಿ ಪೈಪ್ ಸಿಕ್ಕಿಸಬೇಕು. ಆದರೆ ಗೇಜ್ ಕೊಂಡ ದಿನವೇ ಎರಡು ಪೈಪನ್ನೂ ಒಂದೇ ಸಿಲಿಂಡರಿಗೆ ಅದಲುಬದಲು ಮಾಡಿ ಹಾಕಿ ನೋಡಿ. ಅಗ್ಗದ ಸೆಟ್‌ಗಳಲ್ಲಿ ಎರಡು ಮುಳ್ಳು ಒಂದೇ ಲೆಕ್ಕ ತೋರಿಸುತ್ತವೆ ಅನ್ನೋ ಗ್ಯಾರಂಟಿ ಇಲ್ಲ. ಇಂಜಿನ್ ಬಿಸಿ ಇರಬೇಕು, ಗಾಳಿಯಲ್ಲಿ ತಣ್ಣಗಾಗುವ ಇಂಜಿನ್ ಆದ್ದರಿಂದ ಎದುರಿಗೆ ಟೇಬಲ್ ಫ್ಯಾನ್ ಇರಬೇಕು, ಗ್ಯಾರೇಜ್ ಬಾಗಿಲು ಪೂರ್ತಿ ತೆರೆದಿರಬೇಕು. ಎರಡು ಕಾರ್ಬೊರೇಟರನ್ನು ಕೂಡಿಸುವ ಲಿಂಕಿನ ಸ್ಕ್ರೂ ತಿರುಗಿಸುತ್ತಾ ಹೋದರೆ ಒಂದು ಹಂತದಲ್ಲಿ ಎರಡೂ ಮುಳ್ಳು ಒಂದೇ ಕಡೆ ಬಂದು ನಿಲ್ಲುತ್ತವೆ, ಐಡ್ಲಿಂಗ್ ತಾನೇ ಸ್ವಲ್ಪ ಏರುತ್ತದೆ. ಹಾಗೆ ಮಾಡಿದ ಮೇಲೆ ಊರೊಳಗೆ ಕಡಿಮೆ ಸ್ಪೀಡಿನಲ್ಲಿ ಕುಕ್ಕಿ ಕುಕ್ಕಿ ಹೋಗುವುದು ಬಹಳ ಕಡಿಮೆಯಾಗುತ್ತದೆ. ಪೂರ್ತಿ ಹೋಗಲ್ಲ, ದೊಡ್ಡ ಟ್ವಿನ್ ಅಲ್ವಾ.

ಕೆಲವರು ಮಿಕುನಿ ಬಿಸಾಕಿ ರೇಸಿಂಗ್ ಕಾರ್ಬೊರೇಟರ್ ಕೇಹಿನ್ ಎಫ್‌ಸಿಆರ್ ಹಾಕುತ್ತಾರೆ. ಪಿಕಪ್ ಬೇರೆ ಲೆವೆಲ್ಲೇ, ನಾನೂ ಒಬ್ಬರ ಗಾಡಿ ಓಡಿಸಿ ನೋಡಿದ್ದೇನೆ. ಆದರೆ ದುಬಾರಿ, ಆಕ್ಸಿಲರೇಟರ್ ಗಟ್ಟಿ, ಪೆಟ್ರೋಲ್ ಜಾಸ್ತಿ. ಮಿಕುನಿಯ ಡಯಾಫ್ರಮ್ ಹರಿಯದೆ ಇದ್ದು ಜೆಟ್ ಕ್ಲೀನ್ ಇದ್ದರೆ ರಸ್ತೆಗೆ ಅದೇ ಸಾಕು. ಡಯಾಫ್ರಮ್ ನೋಡಲು ಕಾರ್ಬೊರೇಟರಿನೊಳಗೆ ಮೇಲೆ ಕೆಳಗೆ ಆಡುವ ಸ್ಲೈಡನ್ನು ಬೆರಳಲ್ಲಿ ಎತ್ತಿ ಬಿಡಿ. ನಿಧಾನಕ್ಕೆ ಇಳಿದರೆ ಸರಿ, ಟಪ್ ಅಂತ ಬಿದ್ದರೆ ಹರಿದಿದೆ.

ಇಲ್ಲಿನ ಚಳಿಯದ್ದು ಇನ್ನೊಂದು ಕತೆ. ನವೆಂಬರ್ ಬೆಳಗ್ಗೆ, ಮಂಜು, ಐದಾರು ಡಿಗ್ರಿ. ಹೈವೇಯಲ್ಲಿ ಚೆನ್ನಾಗಿ ಹೋಗುತ್ತಿರುವ ಗಾಡಿ ಮಿಸ್ಸಿಂಗ್ ಹೊಡೆಯಲು ಶುರು ಮಾಡಿ ಆಫ್ ಆಗುತ್ತದೆ. ಪಕ್ಕಕ್ಕೆ ನಿಲ್ಲಿಸಿ, ಪ್ಲಗ್ ನೋಡೋಣ ಅಂತ ಟೂಲ್ ತೆಗೆಯುವ ಹೊತ್ತಿಗೆ ಏನೂ ಆಗಿಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗುತ್ತದೆ. ಪೆಟ್ರೋಲ್ ಆವಿಯಾಗುವಾಗ ಕಾರ್ಬೊರೇಟರಿನ ಗಂಟಲು ತಣ್ಣಗಾಗಿ ಗಾಳಿಯಲ್ಲಿನ ತೇವ ಅಲ್ಲೇ ಐಸ್ ಆಗಿ ಕಟ್ಟಿಕೊಳ್ಳುತ್ತದೆ, ನಿಲ್ಲಿಸಿದರೆ ಇಂಜಿನ್ ಶಾಖಕ್ಕೆ ಕರಗಿ ಸಾಕ್ಷಿಯೇ ಇಲ್ಲದಂತೆ ಹೋಗುತ್ತದೆ. ಇಂಜಿನ್ ಎಣ್ಣೆಯನ್ನು ಕಾರ್ಬೊರೇಟರ್ ಸುತ್ತ ಓಡಿಸಿ ಬಿಸಿ ಮಾಡುವ ಕಿಟ್ ಇದೆ. ಬೆಂಗಳೂರಲ್ಲಿ ಓಡಿಸುವವರಿಗೆ ಈ ಕಾಯಿಲೆ ಜನ್ಮದಲ್ಲಿ ಗೊತ್ತಾಗುವುದಿಲ್ಲ.

ಪೆಟ್ರೋಲಿನ ವಿಷಯ. ಸೆಪ್ಟೆಂಬರ್ 2021ರಿಂದ ಇಲ್ಲಿ ಮಾಮೂಲಿ ಪೆಟ್ರೋಲ್ ಅಂದರೆ ಇ10, ಹತ್ತು ಪರ್ಸೆಂಟ್ ತನಕ ಎಥನಾಲ್. ಎಥನಾಲ್ ನೀರು ಹೀರುತ್ತದೆ, ಹಳೇ ರಬ್ಬರ್ ಪೈಪನ್ನು ಉಬ್ಬಿಸುತ್ತದೆ, ಚಳಿಗಾಲ ಪೂರ್ತಿ ನಿಂತ ಗಾಡಿಯ ಪೈಲಟ್ ಜೆಟ್ ಕಟ್ಟಿಕೊಳ್ಳುತ್ತದೆ. ಸೂಪರ್ ಗ್ರೇಡ್ ಇ5 ಹಾಕಿ, ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬೊರೇಟರ್ ಬೌಲ್ ಖಾಲಿ ಮಾಡಿ. ಊರಲ್ಲೂ ಈಗ ಬಂಕಿನಲ್ಲಿ ಇ20 ಬಂದಿದೆ, ಹಳೇ ಯೆಜ್ಡಿ, ಆರ್‌ಎಕ್ಸ್ 100 ಇಟ್ಟವರಿಗೂ ಇದೇ ಬುದ್ಧಿಮಾತು.

ವೈರಿಂಗ್. ಇಲ್ಲಿ ನಾನು ಇಟಲಿಯವರ ಪರ ವಕಾಲತ್ತು ವಹಿಸುವುದಿಲ್ಲ, ನಿಜಕ್ಕೂ ಕೆಟ್ಟದಾಗಿದೆ. ಕರೆಂಟ್ ತಯಾರಿಸುವ ಆಲ್ಟರ್ನೇಟರಿನಿಂದ ಅದನ್ನು ಹತೋಟಿಯಲ್ಲಿಡುವ ರೆಗ್ಯುಲೇಟರಿಗೆ ಹೋಗುವ ಎರಡು ಹಳದಿ ವೈರಿನ ಕನೆಕ್ಟರ್ ನೋಡಿ. ಮುಕ್ಕಾಲು ಪಾಲು ಗಾಡಿಗಳಲ್ಲಿ ಅದು ಕಂದು ಬಣ್ಣಕ್ಕೆ ಸುಟ್ಟು ಪ್ಲಾಸ್ಟಿಕ್ ಕರಗಿರುತ್ತದೆ. ಕತ್ತರಿಸಿ, ಒಳ್ಳೆಯ ಕನೆಕ್ಟರ್ ಹಾಕಿ ಅಥವಾ ಬೆಸುಗೆ ಹಾಕಿಬಿಡಿ. ಆಮೇಲೆ 3,000 ಆರ್‌ಪಿಎಮ್‌ನಲ್ಲಿ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿದರೆ 14 ವೋಲ್ಟಿನ ಹತ್ತಿರ ತೋರಿಸಬೇಕು. 13ರ ಕೆಳಗಿದ್ದರೆ ರೆಗ್ಯುಲೇಟರಿಗೆ ಸಾವು ಹತ್ತಿರ, 15 ದಾಟಿದರೆ ಬ್ಯಾಟರಿಗೆ. ಸೆಲ್ಫ್ ಹೊಡೆದರೆ ಮುಲುಗುವ ಗಾಡಿಗೆ ಹೊಸ ಬ್ಯಾಟರಿ ತರುವ ಮುಂಚೆ ಬ್ಯಾಟರಿಯಿಂದ ಸ್ಟಾರ್ಟರಿಗೆ ಹೋಗುವ ಕೇಬಲ್ ಮತ್ತು ಅರ್ತ್ ಕೇಬಲ್ ಎರಡನ್ನೂ ದಪ್ಪದ್ದು ಹಾಕಿ. ಈ ಇಡೀ ಗಾಡಿಯಲ್ಲಿ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಲಾಭ ಕೊಡುವ ಕೆಲಸ ಇನ್ನೊಂದಿಲ್ಲ.

ಎಣ್ಣೆಯಲ್ಲಿ ಮುಳುಗದ ಡ್ರೈ ಕ್ಲಚ್ ಬಗ್ಗೆ ಜಾಸ್ತಿ ಹೇಳಲ್ಲ. ಲಿವರ್ ಹಿಡಿದಾಗ ಸ್ಟೀಲ್ ಲೋಟಗಳನ್ನು ಬಕೆಟ್ಟಿಗೆ ಹಾಕಿ ಅಲ್ಲಾಡಿಸಿದ ಸದ್ದು ಬರುತ್ತದೆ, ಅದು ಕಾಯಿಲೆ ಅಲ್ಲ. ಪ್ಲೇಟ್ ಬದಲಿಸಲು ಎಣ್ಣೆ ಇಳಿಸಬೇಕಿಲ್ಲ, ಕವರ್ ಬಿಚ್ಚಿದರೆ ಎದುರಿಗೇ ಇದೆ. ಪ್ಲೇಟ್ ಕೂರುವ ಬ್ಯಾಸ್ಕೆಟ್ಟಿನ ಹಲ್ಲಿನಲ್ಲಿ ಪ್ಲೇಟ್ ಕುಟ್ಟಿ ಕುಟ್ಟಿ ಗುಳಿ ಬಿದ್ದಿದ್ದರೆ ಮಾತ್ರ ಬ್ಯಾಸ್ಕೆಟ್ಟೂ ಬದಲಿಸಿ. ಬ್ರೆಂಬೊ ಬ್ರೇಕಿಗೆ ಡಾಟ್ 4 ಎಣ್ಣೆ ಕಾಲಕಾಲಕ್ಕೆ ಬದಲಿಸಿದರೆ ಬೇರೇನೂ ಕೇಳುವುದಿಲ್ಲ.

ಎಂಒಟಿ, ಅಂದರೆ ಗಾಡಿ ರಸ್ತೆಗೆ ಯೋಗ್ಯವಾ ಅಂತ ಇಲ್ಲಿ ಮಾಡಿಸಬೇಕಾದ ಟೆಸ್ಟಿಗೆ, ಬೈಕಿಗೆ ಗರಿಷ್ಠ 29.65 ಪೌಂಡ್, ವರ್ಷಕ್ಕೊಮ್ಮೆ. ಕಾರ್ಬನ್ ಸೈಲೆನ್ಸರ್ ಹಾಕಿದ್ದರೆ ಸದ್ದಿನ ಬಗ್ಗೆ ಟೆಸ್ಟರ್ ಹುಬ್ಬೇರಿಸಬಹುದು, ಒರಿಜಿನಲ್ ಸೈಲೆನ್ಸರನ್ನು ಮಾರದೆ ಇಟ್ಟುಕೊಂಡಿರಿ.

ಯಾರು ತಗೋಬಾರದು? ದಿನಾ ಆಫೀಸಿಗೆ ಹೋಗುವವರು. ಕೈ ಕೊಳೆ ಆಗಬಾರದು ಅನ್ನುವವರು. ಇಬ್ಬರು ಕೂತು ಹೋಗಬೇಕು ಅಂತಿರುವವರೂ ಯೋಚನೆ ಮಾಡಿ, ಹಿಂದಿನ ಸೀಟು ಹೆಸರಿಗಷ್ಟೇ, ನನ್ನ ಹೆಂಡತಿ ಒಂದು ಸಲ ಕೂತವಳು ಮತ್ತೆ ಆ ಮಾತೆತ್ತಿಲ್ಲ. ಕೆಲಸ ಮಾಡಿಕೊಳ್ಳುವುದೇ ಅರ್ಧ ಮಜಾ ಅನ್ನುವವರಿಗೆ ಮಾತ್ರ ಐದಕ್ಕೆ ನಾಲ್ಕು ಸ್ಟಾರ್. ಕಡಿದ ಒಂದು ಸ್ಟಾರ್ ಪೂರ್ತಿ ವೈರಿಂಗಿಗೆ.

ನೋಡಲು ಹೋದಾಗ ಹೆಡ್‌ಲೈಟ್ ಹಿಂದೆ ಫ್ರೇಮಿನ ಕತ್ತಿನ ಬೆಸುಗೆ ನೋಡಿ, ಸ್ವಿಂಗ್ ಆರ್ಮಿನಲ್ಲಿ ಬಿರುಕು ಇದೆಯಾ ನೋಡಿ, ಸಿಲಿಂಡರ್ ಬುಡದಲ್ಲಿ ಎಣ್ಣೆ ಜಿನುಗಿದೆಯಾ ನೋಡಿ. ಈ ಕಾಲದ ಗಾಡಿಗಳಲ್ಲಿ ಸಿಲಿಂಡರ್ ಸ್ಟಡ್ ತುಕ್ಕು ಹಿಡಿದು ತುಂಡಾಗುವುದು ಎಲ್ಲರಿಗೂ ಗೊತ್ತಿರುವ ರೋಗ. ಬೆಲ್ಟ್ ಯಾವಾಗ ಬದಲಿಸಿದ್ದು ಅಂತ ಕೇಳಿ. ಮಾರುವವರು ಬಿಲ್ ತೋರಿಸದೆ "ಹೋದ ವರ್ಷವೋ ಅದರ ಹಿಂದಿನ ವರ್ಷವೋ" ಅಂದರೆ ಸ್ಟಾರ್ಟ್ ಮಾಡಿ ಓಡಿಸಿಕೊಂಡು ಬರಬೇಡಿ. ವ್ಯಾನಿನಲ್ಲಿ ಹಾಕಿಕೊಂಡು ಬನ್ನಿ, ಬೆಲ್ಟ್ ಹಾಕಿದ ಮೇಲೆಯೇ ಸೆಲ್ಫ್ ಒತ್ತಿ.